ಬಿಲ್ಲಿನಲ್ಲಿ 35 ಕೆಜಿ, ಚೀಲದಲ್ಲಿ 31: ರೇಷನ್ ಅಂಗಡಿಯ ಲೆಕ್ಕ ಕೇಳೋದು ಹೇಗೆ?

ಕೇಳಿದವರು:

ಎಲ್ಲರಿಗೂ ನಮಸ್ಕಾರ. ನಮ್ಮ ಅಮ್ಮನದು ಅಂತ್ಯೋದಯ ಕಾರ್ಡು. ಅಕ್ಕಿ, ರಾಗಿ ಸೇರಿ ತಿಂಗಳಿಗೆ 35 ಕೆಜಿ ಬರಬೇಕು. ಹೋದ ತಿಂಗಳು ಯಾಕೋ ಅನುಮಾನ ಬಂದು ಪಕ್ಕದ ಮನೆಯ ತಕ್ಕಡಿಯಲ್ಲಿ ತೂಗಿಸಿದೆ. 31 ಕೆಜಿ ಚಿಲ್ಲರೆ ಇತ್ತು. ಬಿಲ್ಲಿನಲ್ಲಿ ಮಾತ್ರ 35. ಕೇಳಿದರೆ "ಎಲ್ಲ ಕಡೆ ಹೀಗೇ, ಸೋರಿಕೆ ಇರುತ್ತೆ" ಅಂದರು. ಇನ್ನೊಂದು ವಿಷಯ. ಎರಡು ವರ್ಷದ ಹಿಂದೆ ತೀರಿಕೊಂಡ ನಮ್ಮ ಬೀದಿಯ ಅಜ್ಜಿಯೊಬ್ಬರ ಕಾರ್ಡಿನಲ್ಲಿ ಈಗಲೂ ಅಕ್ಕಿ ಎತ್ತುತ್ತಿದ್ದಾರೆ ಅಂತ ಊರಲ್ಲಿ ಮಾತಿದೆ. ದೂರು ಕೊಟ್ಟರೆ ಏನಾದರೂ ಆಗುತ್ತಾ? ಯಾರಿಗೆ ಕೊಡಬೇಕು? ಅಂಗಡಿಯವರು ಊರಿನವರೇ, ದಿನಾ ಮುಖ ನೋಡಬೇಕು. ಈ ಕೆಲಸ ಮಾಡಿ ಅನುಭವ ಇರೋರು ದಯವಿಟ್ಟು ಹೇಳಿ.

ಮೊದಲ ಉತ್ತರ:

ನಾನು ಮಾಡಿದ್ದೇನೆ. ಒಂದು ಸಲ ಸೋತೆ, ಒಂದು ಸಲ ಅರ್ಧ ಗೆದ್ದೆ. ಸೋತಿದ್ದನ್ನು ಮೊದಲು ಹೇಳುತ್ತೇನೆ, ನಿಮಗೆ ಅದೇ ಜಾಸ್ತಿ ಉಪಯೋಗ.

ಸಿಟ್ಟಿನಲ್ಲಿ ಎರಡು ಪುಟ ಬರೆದೆ. "ಬಡವರ ಅನ್ನ ಕದಿಯುತ್ತಿದ್ದಾರೆ, ಕೂಡಲೇ ಕ್ರಮ ಕೈಗೊಳ್ಳಿ" ಅಂತ ಐದು ಜನ ಅಧಿಕಾರಿಗಳಿಗೆ ಕಳಿಸಿದೆ. ಮೂರು ತಿಂಗಳಿಗೆ ಉತ್ತರ ಬಂತು. ಸ್ಥಳಕ್ಕೆ ಹೋಗಿ ವಿಚಾರಿಸಲಾಗಿದೆ, ಕಾರ್ಡುದಾರರಿಂದ ಯಾವುದೇ ದೂರು ಇಲ್ಲ ಅಂತ. ಆಮೇಲೆ ಗೊತ್ತಾಯಿತು, ವಿಚಾರಿಸಲು ಬಂದವರು ಕೂತಿದ್ದು ಅದೇ ಅಂಗಡಿಯಲ್ಲಿ. ಹೇಳಿಕೆ ಕೊಡಲು ಹತ್ತು ಜನರನ್ನು ಕರೆದು ತಂದವರು ಅಂಗಡಿಯವರೇ. ಅವರ ಮುಂದೆ ಅವರ ಮೇಲೆ ಯಾರು ತಾನೇ ಬಾಯಿ ಬಿಡ್ತಾರೆ?

ಎರಡನೇ ಸಲ ದೂರು ಬರೆಯಲೇ ಇಲ್ಲ, ತೂಗಿದೆವು. ಆರು ಮನೆಯವರು ಒಪ್ಪಿದರು. ಹಾಲಿನ ಡೇರಿಯಿಂದ ತೂಕದ ಯಂತ್ರ ತಂದು, ರೇಷನ್ ಕೊಡುವ ದಿನ ಅಂಗಡಿಯಿಂದ ನೂರು ಹೆಜ್ಜೆ ದೂರದ ಕಟ್ಟೆ ಮೇಲೆ ಇಟ್ಟುಕೊಂಡು ಕೂತೆವು. ಒಂದು ನೋಟ್‌ಬುಕ್ಕು: ತಾರೀಕು, ಕಾರ್ಡಿನ ನಂಬರು, ಬಿಲ್ಲಿನಲ್ಲಿ ಎಷ್ಟು, ಚೀಲದಲ್ಲಿ ಎಷ್ಟು, ಸಹಿ. ಮೂರು ತಿಂಗಳಿಗೆ ಹದಿನೆಂಟು ಸಾಲು. ಹದಿನೈದರಲ್ಲಿ ಕಮ್ಮಿ. ಸರಿಯಾಗಿದ್ದ ಮೂರೂ ಸಾಲು ಒಂದೇ ಮನೆಯವು, ಪಂಚಾಯಿತಿ ಸದಸ್ಯರ ತಂಗಿಯದು. ಆ ನೋಟ್‌ಬುಕ್ಕು ನೋಡಿದ ಮೇಲೆ ಸೋರಿಕೆ ಅನ್ನೋ ಮಾತನ್ನು ಯಾರೂ ಎತ್ತಲಿಲ್ಲ. ಸೋರಿಕೆಗೆ ಯಾರ ತಂಗಿ ಯಾರು ಅಂತ ಗೊತ್ತಿರಲ್ಲ, ಅಲ್ವಾ?

ಕಾನೂನು ನಿಮ್ಮ ಕಡೆ ಇದೆ. 2013ರ ಆಹಾರ ಭದ್ರತಾ ಕಾಯ್ದೆಯ ಸೆಕ್ಷನ್ 27 ಪ್ರಕಾರ ರೇಷನ್ ಹಂಚಿಕೆಯ ದಾಖಲೆಗಳು ಸಾರ್ವಜನಿಕರು ನೋಡಲು ತೆರೆದಿರಬೇಕು. ಸೆಕ್ಷನ್ 28 ಪ್ರಕಾರ ಅಂಗಡಿಯ ಸಾಮಾಜಿಕ ಪರಿಶೋಧನೆ, ಅಂದರೆ ಜನರ ಮುಂದೆಯೇ ಲೆಕ್ಕದ ತಪಾಸಣೆ, ಆಗಾಗ ಆಗಬೇಕು. ಸೆಕ್ಷನ್ 29 ಪ್ರಕಾರ ರಾಜ್ಯ, ಜಿಲ್ಲೆ, ತಾಲ್ಲೂಕು ಮಟ್ಟದಲ್ಲಿ ಮಾತ್ರ ಅಲ್ಲ, ಪ್ರತಿ ಅಂಗಡಿಗೂ ಒಂದು ಜಾಗೃತ ಸಮಿತಿ ಇರಬೇಕು. ಅದರಲ್ಲಿ ಹೆಂಗಸರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಇರಲೇಬೇಕು.

ನಾನು ಮಾಹಿತಿ ಹಕ್ಕಿನಲ್ಲಿ ಕೇಳಿದ್ದು ಇಷ್ಟೇ: ನಮ್ಮ ಅಂಗಡಿಯ ಜಾಗೃತ ಸಮಿತಿಯಲ್ಲಿ ಯಾರಿದ್ದಾರೆ, ಹೋದ ವರ್ಷದ ಸಭೆಗಳ ನಡಾವಳಿ ಕೊಡಿ. ಪಟ್ಟಿ ಬಂತು. ಮೂರನೇ ಹೆಸರು ನಮ್ಮ ಹಿಂದಿನ ಮನೆಯ ಅಕ್ಕನದು! ಓಡಿ ಹೋಗಿ ತೋರಿಸಿದೆ. ಸೌಟು ಕೈಯಲ್ಲೇ ಹಿಡಿದುಕೊಂಡು ಹೊರಗೆ ಬಂದರು. ತಮ್ಮ ಸಹಿಯನ್ನು ಬಹಳ ಹೊತ್ತು ನೋಡಿದರು. "ಅಯ್ಯೋ, ಇದು ಅಕ್ಕಿ ಬಂತು ಅಂತ ಹಾಕಿದ ಸೈನು ಕಣೋ. ಸಮಿತಿ ಅಂತ ಯಾರೂ ಹೇಳಲೇ ಇಲ್ಲ." ನಡಾವಳಿಯಲ್ಲಿ ನಾಲ್ಕು ಸಭೆ ನಡೆದಿದ್ದವು. ನಾಲ್ಕರಲ್ಲೂ "ವಿತರಣೆ ತೃಪ್ತಿಕರ".

ಕೊನೆಗೆ ಕೆಲಸ ಮಾಡಿದ್ದು ಆ ಅಕ್ಕನೇ. ಜಾಗೃತ ಸಮಿತಿಗೆ ಅಕ್ರಮ ಗೊತ್ತಾದರೆ ಜಿಲ್ಲಾ ಕುಂದುಕೊರತೆ ನಿವಾರಣಾ ಅಧಿಕಾರಿಗೆ ಬರಹದಲ್ಲಿ ತಿಳಿಸುವುದು ಅದರ ಕೆಲಸ ಅಂತ ಕಾಯ್ದೆಯಲ್ಲೇ ಇದೆ. ಅವರು ಅರ್ಧ ಪುಟ ಬರೆದರು, ನೋಟ್‌ಬುಕ್ಕಿನ ಜೆರಾಕ್ಸ್ ಇಟ್ಟರು. ತನಿಖೆಗೆ ಬಂದವರು ಈ ಸಲ ಅಂಗಡಿಯಲ್ಲಿ ಕೂರಲಿಲ್ಲ, ಮನೆ ಮನೆಗೆ ಬಂದರು. ಅಂಗಡಿಯವರಿಗೆ ನೋಟಿಸ್ ಆಯಿತು, ತೂಕ ಸರಿಯಾಯಿತು. ಅರ್ಧ ಗೆಲುವು ಅಂದಿದ್ದು ಯಾಕೆಂದರೆ, ಸುಳ್ಳು ನಡಾವಳಿ ಬರೆದವರನ್ನು ಯಾರೂ ಏನೂ ಕೇಳಲಿಲ್ಲ.

ಒಂದು ಎಚ್ಚರಿಕೆ. ಕರ್ನಾಟಕದಲ್ಲಿ ಮಾಹಿತಿ ಹಕ್ಕಿನ ಅರ್ಜಿ ಒಂದೇ ವಿಷಯದ ಮೇಲೆ, 150 ಪದದ ಒಳಗೆ ಇರಬೇಕು. ನಾನು ಮೊದಲು ಸಮಿತಿ, ಸ್ಟಾಕು, ಲಾರಿ, ಲೈಸೆನ್ಸು ಎಲ್ಲ ಒಂದೇ ಅರ್ಜಿಯಲ್ಲಿ ತುಂಬಿದ್ದೆ. ಹಾಗೇ ವಾಪಸ್ ಬಂತು. ನಾಲ್ಕು ಅರ್ಜಿ ಮಾಡಿ, ಒಂದೊಂದಕ್ಕೂ 10 ರೂಪಾಯಿ. 30 ದಿನದಲ್ಲಿ ಉತ್ತರ ಬರದಿದ್ದರೆ ಮುಂದಿನ 30 ದಿನದ ಒಳಗೆ ಮೇಲ್ಮನವಿ ಹಾಕಿ. ಸುಮ್ನೆ ಕಾಯ್ತಾ ಕೂರಬೇಡಿ.

ಎರಡನೇ ಉತ್ತರ:

ನಾನು ಆಹಾರ ಇಲಾಖೆಯಲ್ಲಿ ಇದ್ದು ನಿವೃತ್ತನಾದವನು. ಮೇಲಿನವರು ಹೇಳಿದ್ದು ಸರಿ. ಟೇಬಲ್ಲಿನ ಈ ಕಡೆಯಿಂದ ಸ್ವಲ್ಪ ಹೇಳುತ್ತೇನೆ.

"ಅಕ್ರಮ ನಡೆಯುತ್ತಿದೆ" ಅಂತ ಬಂದ ಕಾಗದವನ್ನು ಮುಗಿಸೋದು ಬಹಳ ಸುಲಭ. "ಅಕ್ರಮ ಕಂಡುಬಂದಿಲ್ಲ" ಅಂತ ಒಂದು ಸಾಲು ಬರೆದರೆ ಫೈಲು ಮುಚ್ಚಿತು. ಕಾರ್ಡಿನ ನಂಬರು, ತಿಂಗಳು, ಬಿಲ್ಲಿನ ತೂಕ, ನಿಜವಾದ ತೂಕ ಇರುವ ಕಾಗದವನ್ನು ಹಾಗೆ ಮುಗಿಸಲು ಆಗಲ್ಲ. ಅದಕ್ಕೆ ಉತ್ತರವನ್ನೂ ಅಂಕಿಯಲ್ಲೇ ಕೊಡಬೇಕಾಗುತ್ತೆ.

ಇನ್ನೊಂದು ಗುಟ್ಟು. ನಿಮಗೆ ನಾಲ್ಕು ಕೆಜಿ ಕಮ್ಮಿ ಕೊಟ್ಟು ಬಿಲ್ಲಿನಲ್ಲಿ ಪೂರ್ತಿ ತೋರಿಸಿದ್ದಾರೆ ಅಂದರೆ ಆ ನಾಲ್ಕು ಕೆಜಿ ಎಲ್ಲೋ ಇರಲೇಬೇಕು. ಹಳೇ ಬಾಕಿ, ಹೊಸದಾಗಿ ಬಂದದ್ದು ಕೂಡಿಸಿ, ಬಿಲ್ಲಾದದ್ದು ಕಳೆದರೆ ಉಳಿಯುವ ಲೆಕ್ಕ ಒಂದು. ಅಂಗಡಿಯಲ್ಲಿ ಇರುವ ಚೀಲ ಇನ್ನೊಂದು. ಹಂಚಿಕೆ ನಡೆಯುತ್ತಿರುವಾಗ ತಾಳೆ ನೋಡಿದರೆ ಹೆಚ್ಚುವರಿ ಚೀಲ ಅಲ್ಲೇ ಸಿಗುತ್ತೆ. ತಿಂಗಳ ಕೊನೆಗೆ ನೋಡಿದರೆ ಮಾರಿ ಆಗಿರುತ್ತೆ, ಲೆಕ್ಕ ಚೊಕ್ಕವಾಗಿರುತ್ತೆ. ಅದಕ್ಕೇ ದೂರಿನಲ್ಲಿ "ಕ್ರಮ ಕೈಗೊಳ್ಳಿ" ಅಂತ ಬರೆಯಬೇಡಿ, "ಹಂಚಿಕೆ ನಡೆಯುವ ದಿನವೇ ಸ್ಟಾಕ್ ತಾಳೆ ನೋಡಿ" ಅಂತ ಬರೆಯಿರಿ. ರೇಷನ್ ಸಹಾಯವಾಣಿ 1967ಕ್ಕೆ ಫೋನ್ ಮಾಡಿದರೆ ದೂರಿನ ನಂಬರು ಕೇಳಿ ಬರೆದಿಟ್ಟುಕೊಳ್ಳಿ.

ತೀರಿಕೊಂಡ ಅಜ್ಜಿಯ ವಿಷಯ. ಹೆಬ್ಬೆಟ್ಟು ಇಲ್ಲದೆ ಹೇಗೆ ಎತ್ತುತ್ತಾರೆ ಅಂತ ಎಲ್ಲರಿಗೂ ಆಶ್ಚರ್ಯ. ಬೆರಳಿನ ಗೆರೆ ಸವೆದ ವಯಸ್ಸಾದವರಿಗೆ, ಹಾಸಿಗೆ ಹಿಡಿದವರಿಗೆ ವಿನಾಯಿತಿ ಇರುತ್ತೆ. ಅದು ಇರಲೇಬೇಕು, ಇಲ್ಲದಿದ್ದರೆ ಅವರು ಉಪವಾಸ. ಕಳ್ಳದಾರಿಯೂ ಅದೇ. ನಿಮ್ಮ ಅಂಗಡಿಯಲ್ಲಿ ಹೆಬ್ಬೆಟ್ಟು ಇಲ್ಲದೆ ಆದ ವಿತರಣೆಯ ಪಟ್ಟಿ ಕೇಳಿ. ಪಂಚಾಯಿತಿಯ ಸಾವಿನ ನೋಂದಣಿ ಪಕ್ಕದಲ್ಲಿ ಇಟ್ಟುಕೊಂಡು ಓದಿ. ಹಾಗಂತ ಸತ್ತವರ ಹೆಸರು ಕಾರ್ಡಿನಲ್ಲಿ ಉಳಿದ ಮಾತ್ರಕ್ಕೆ ಮೋಸ ಅಲ್ಲ. ಎಷ್ಟೋ ಮನೆಯವರಿಗೆ ತೆಗೆಸಬೇಕು ಅನ್ನೋದೇ ಗೊತ್ತಿರಲ್ಲ.

ಮೂರನೇ ಉತ್ತರ:

ನಾನು ಮಹಿಳಾ ಸಂಘದಲ್ಲಿದ್ದೇನೆ. ಒಂದು ಮಾತು ಹೇಳಲೇಬೇಕು, ಬೇಜಾರು ಮಾಡಿಕೊಳ್ಳಬೇಡಿ. "ಸುಳ್ಳು ಕಾರ್ಡು ಜಾಸ್ತಿ ಇವೆ" ಅಂತ ಮಾತ್ರ ಎಲ್ಲೂ ಬರೆಯಬೇಡಿ.

ನಮ್ಮೂರಲ್ಲಿ ಹಾಗೆ ಬರೆದರು. ಬರೆದವರ ಗುರಿ ಅಂಗಡಿಯೇ ಆಗಿತ್ತು. ಆದರೆ ಇಲಾಖೆಯವರಿಗೆ ಅಂಗಡಿಗಿಂತ ಕಾರ್ಡುದಾರರನ್ನು ಪರಿಶೀಲನೆ ಮಾಡೋದು ಸುಲಭ. ಪಟ್ಟಿ ಹಿಡಿದು ಬಂದರು. ಅಂಗಡಿ ಹಾಗೇ ಇತ್ತು, ಹೋಗಿದ್ದು ಕಾರ್ಡುಗಳು. ನಮ್ಮ ಸಂಘದವಳೊಬ್ಬಳದು ಹೋಯಿತು. ಗಂಡನ ಹೆಸರಲ್ಲಿ ಕಾರು ಇದೆಯಂತೆ. ಆ ಗಂಡ ಅವಳನ್ನು ಬಿಟ್ಟು ಹೋಗಿ ಒಂಬತ್ತು ವರ್ಷ ಆಗಿತ್ತು! ಕಾರು ಅವಳು ನೋಡಿಯೂ ಇಲ್ಲ. ಕಾರ್ಡು ವಾಪಸ್ ಬರಲು ಐದು ತಿಂಗಳು ಬೇಕಾಯಿತು. ಅಷ್ಟು ದಿನ ಸಂಘದವರೇ ಅಕ್ಕಿ ಹಾಕಿದೆವು.

2024ರ ನವೆಂಬರ್‌ನಲ್ಲಿ ರಾಜ್ಯದಲ್ಲಿ ಬಿಪಿಎಲ್ ಕಾರ್ಡು ರದ್ದಾಗಿ ಗಲಾಟೆ ಆಗಿದ್ದು ನೆನಪಿದೆಯಲ್ಲ. ಅರ್ಹರ ಕಾರ್ಡೂ ಹೋಗಿವೆ ಅಂತ ಸರ್ಕಾರವೇ ವಾಪಸ್ ಕೊಡಬೇಕಾಯಿತು. 2017ರಲ್ಲಿ ಜಾರ್ಖಂಡ್‌ನ ಸಿಮ್ಡೇಗಾ ಜಿಲ್ಲೆಯಲ್ಲಿ 11 ವರ್ಷದ ಹುಡುಗಿಯೊಬ್ಬಳು ತೀರಿಕೊಂಡಳು. ಆಧಾರ್ ಜೋಡಿಸಿಲ್ಲ ಅಂತ ಆ ಮನೆಯ ರೇಷನ್ ಕಾರ್ಡು ಅದಕ್ಕೂ ಮೊದಲೇ ರದ್ದಾಗಿತ್ತು. ಮೋಸ ತಡೆಯುವ ಹೆಸರಲ್ಲೇ ಇದೂ ಆಗೋದು. ಹಾಗಾಗಿ ಅಂಗಡಿಯ ದಾಖಲೆ ಕೇಳಿ, ಸಮಿತಿಯ ಲೆಕ್ಕ ಕೇಳಿ, ಅಧಿಕಾರಿ ಎಷ್ಟು ಸಲ ಬಂದು ನೋಡಿದ್ದಾರೆ ಕೇಳಿ. ಅಕ್ಕಪಕ್ಕದವರ ಹೆಸರು ಬರೆದು ಕೊಡಬೇಡಿ.

ನಾಲ್ಕನೇ ಉತ್ತರ:

ನಾನು ರೇಷನ್ ಅಂಗಡಿ ನಡೆಸುವವನು. ಬೈಯಬೇಡಿ, ಪೂರ್ತಿ ಓದಿ. ನಮ್ಮಲ್ಲಿ ಕಳ್ಳರಿಲ್ಲ ಅಂತ ನಾನು ಹೇಳಲ್ಲ. ಇದ್ದಾರೆ. ಆದರೆ ತೂಕ ನನ್ನ ಬಾಗಿಲಿಗೆ ಬರುವಾಗಲೇ ಕಮ್ಮಿ ಇರುತ್ತೆ. 50 ಕೆಜಿ ಚೀಲ ಅಂತಾರೆ, ತೂಗಿದರೆ 48. ಲಾರಿಯವರು ತೂಗಲು ಬಿಡಲ್ಲ, "ಇನ್ನೂ ನಾಲ್ಕು ಊರಿಗೆ ಹೋಗಬೇಕು, ಸೈನ್ ಹಾಕು" ಅಂತಾರೆ. ಹಾಕದಿದ್ದರೆ ಮುಂದಿನ ತಿಂಗಳು ನಮ್ಮ ಲೋಡು ಕೊನೆಗೆ. ಕಮಿಷನ್ನು ಬರೋದೂ ತಡ. ಈ ಕಮ್ಮಿಯನ್ನು ನಾನು ಕೈಯಿಂದ ಹಾಕಲ್ಲ. ಎಲ್ಲಿಂದ ತುಂಬಿಸಿಕೊಳ್ಳುತ್ತೇನೆ ಅಂತ ನಿಮಗೇ ಗೊತ್ತು.

ಲಾರಿ ಬರುವ ದಿನ ನೀವು ನಾಲ್ಕೈದು ಜನ ಬಂದು ಅಂಗಡಿ ಮುಂದೆ ನಿಲ್ಲಿ. ಇಳಿಸುವಾಗಲೇ ತೂಗಿಸಿ, ಬಂದಷ್ಟೇ ಬರೆದು ಸೈನ್ ಹಾಕಿಸಿ. ಅವರ ಹತ್ತಿರ ಮಾತಾಡಲು ನನ್ನಂಥವನಿಗೂ ಬಲ ಬರುತ್ತೆ. ನಿಮ್ಮ ಅಂಗಡಿಯವರು ಇದಕ್ಕೆ ಒಪ್ಪದೆ ತಪ್ಪಿಸಿಕೊಂಡರೆ ಆಮೇಲೆ ಅನುಮಾನ ಪಡಿ.

ಮೊದಲ ಉತ್ತರದವರು ಮತ್ತೆ:

ಇದು ನನಗೆ ಹೊಳೆದೇ ಇರಲಿಲ್ಲ, ಸರ್. ನಾವು ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟಿದ್ದೆವು. ಛತ್ತೀಸ್‌ಗಢದಲ್ಲಿ 2004ರಲ್ಲಿ ಖಾಸಗಿಯವರ ಕೈಯಿಂದ ರೇಷನ್ ಅಂಗಡಿ ತೆಗೆದು ಪಂಚಾಯಿತಿ, ಮಹಿಳಾ ಸಂಘ, ಸಹಕಾರ ಸಂಘಗಳಿಗೆ ಕೊಟ್ಟರು. ಅದು ಎಲ್ಲರಿಗೂ ಗೊತ್ತು. ಅಲ್ಲಿ ಲಾರಿಗಳಿಗೆ ಹಳದಿ ಬಣ್ಣವನ್ನೂ ಬಳಿದಿದ್ದರು. ರೇಷನ್ ಅಕ್ಕಿಯ ಲಾರಿ ಬೇರೆ ದಾರಿ ಹಿಡಿದರೆ ದಾರಿಯಲ್ಲಿ ಹೋಗುವವನಿಗೂ ಗೊತ್ತಾಗಲಿ ಅಂತ. ಕಣ್ಣು ಇಡಬೇಕಾದ್ದು ಗೋದಾಮಿನಿಂದಲೇ.

ಐದನೇ ಉತ್ತರ:

ಚಿಕ್ಕದಾಗಿ ಹೇಳುತ್ತೇನೆ. ಕಾಗದ ಸಿಕ್ಕ ಮೇಲೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿ. 1994ರಲ್ಲಿ ರಾಜಸ್ಥಾನದಲ್ಲಿ ಅರುಣಾ ರಾಯ್ ಅವರ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು ಮಾಡಿದ್ದು ಇದನ್ನೇ. ಕೂಲಿಯ ಹಾಜರಿ ಪಟ್ಟಿಯನ್ನು ಊರವರ ಮುಂದೆ ಒಂದೊಂದೇ ಹೆಸರು ಓದಿದರು. ಮಾಹಿತಿ ಹಕ್ಕಿನ ಹೋರಾಟ ಬೆಳೆದಿದ್ದು ಅಲ್ಲಿಂದಲೇ. ನಮ್ಮ ಪಂಚಾಯಿತಿಯಲ್ಲಿ ಹೆಬ್ಬೆಟ್ಟು ಇಲ್ಲದ ವಿತರಣೆಯ ಪಟ್ಟಿ ಓದಿದಾಗ ಹನ್ನೊಂದನೇ ಹೆಸರಿಗೆ ಹಿಂದಿನ ಸಾಲಿನಿಂದ ಒಬ್ಬ ಎದ್ದು ನಿಂತ. "ಅದು ನಮ್ಮಪ್ಪ. ತಿಥಿ ಮಾಡಿ ಎರಡು ವರ್ಷ ಆಯ್ತು" ಅಂದ. ಸಭೆಯಲ್ಲಿ ಒಬ್ಬರೂ ಉಸಿರೆತ್ತಲಿಲ್ಲ. ಪಿಡಿಒ ಅವರೇ ಅದನ್ನು ನಡಾವಳಿಗೆ ಬರೆಸಿದರು.

ಇನ್ನೊಂದು, ಒಬ್ಬರೇ ಮುಂದೆ ಹೋಗಬೇಡಿ. 2008ರಲ್ಲಿ ಜಾರ್ಖಂಡ್‌ನ ಪಲಾಮುವಿನಲ್ಲಿ ಉದ್ಯೋಗ ಖಾತರಿ ಕೆಲಸಗಳ ಸಾಮಾಜಿಕ ಪರಿಶೋಧನೆಯಲ್ಲಿ ತೊಡಗಿದ್ದ ಲಲಿತ್ ಮೆಹ್ತಾ ಕೊಲೆಯಾದರು. ಹೆದರಿಸಲು ಹೇಳುತ್ತಿಲ್ಲ. ಅರ್ಜಿಯಲ್ಲಿ ಹತ್ತು ಸಹಿ ಇದ್ದರೆ ಯಾರನ್ನು ಹೆದರಿಸಬೇಕು ಅಂತ ಅವರಿಗೇ ಗೊತ್ತಾಗಲ್ಲ.

ಕೇಳಿದವರು:

ಎಲ್ಲರಿಗೂ ಥ್ಯಾಂಕ್ಸ್. ನಾನು ಕೇಳಿದ್ದು ದೂರು ಎಲ್ಲಿ ಕೊಡೋದು ಅಂತ, ನೀವು ಮೊದಲು ತೂಗು ಅಂದಿರಿ. ನಿನ್ನೆ ಡೇರಿಯವರನ್ನು ಕೇಳಿದೆ. ಯಂತ್ರ ಕೊಡ್ತಾರೆ, ಸಂಜೆ ಹಾಲಿನ ಹೊತ್ತಿಗೆ ವಾಪಸ್ ಇರಬೇಕು ಅಷ್ಟೇ. ಐದು ಮನೆ ಒಪ್ಪಿವೆ. ಸಮಿತಿ ಪಟ್ಟಿಗೆ ಒಂದು ಅರ್ಜಿ, ಹೆಬ್ಬೆಟ್ಟು ಇಲ್ಲದ ವಿತರಣೆಗೆ ಇನ್ನೊಂದು ಅರ್ಜಿ ಬರೆದಿದ್ದೇನೆ. ಎರಡೂ 150 ಪದದ ಒಳಗೇ ಇವೆ, ಎಣಿಸಿದೆ. ಅಜ್ಜಿಯ ಹೆಸರು ಎಲ್ಲೂ ಹಾಕಿಲ್ಲ.

ಲಾರಿ ಮಂಗಳವಾರ ಬರುತ್ತಂತೆ. ಅಂಗಡಿಯವರಿಗೆ ಮೊದಲೇ ಹೇಳಿದೆ, ಇಳಿಸುವಾಗ ನಾವೂ ಬರ್ತೀವಿ ಅಂತ. ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಆಮೇಲೆ "ಬೆಳಗ್ಗೆ ಏಳಕ್ಕೇ ಬರುತ್ತೆ, ತಡ ಮಾಡಬೇಡಿ" ಅಂದರು. ಅಮ್ಮ ತಾನೂ ಬರ್ತೀನಿ ಅಂತ ಹಟ ಹಿಡಿದಿದ್ದಾಳೆ.