ತೂಕ ಸರಿಯಿದೆ ಎನ್ನುತ್ತಾರೆ, ಸೊಂಟದ ಅಳತೆ ಹೆಚ್ಚಿದೆ: ಅಮ್ಮನ ವಿಷಯದಲ್ಲಿ ಯಾವುದನ್ನು ನಂಬಲಿ?

ಪ್ರಶ್ನೆ (ಬದಿಯಡ್ಕದಿಂದ)
ನನ್ನ ಅಮ್ಮನಿಗೆ 67 ವರ್ಷ. ಎತ್ತರ 148 ಸೆಂ.ಮೀ., ತೂಕ 49 ಕಿಲೋ. ಊರಿನ ಆರೋಗ್ಯ ಶಿಬಿರದಲ್ಲಿ ಬಿಎಂಐ 22.4 ಎಂದು ಲೆಕ್ಕ ಹಾಕಿ, ಚಿಂತೆಯಿಲ್ಲವೆಂದು ಕಳುಹಿಸಿಬಿಟ್ಟರು. ಆದರೆ ಅವರ ಕೈಕಾಲು ಸಣಕಲಾಗಿ ಹೊಟ್ಟೆ ಮಾತ್ರ ಮುಂದೆ ಬಂದಿರುವುದರಿಂದ, ಹೊಲಿಗೆಯ ಟೇಪಿನಲ್ಲಿ ಅಳೆದು ನೋಡಿದೆ, 86 ಸೆಂ.ಮೀ. ಬಂತು. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ (ಕುಂಬಳೆ, ನಿವೃತ್ತ ನರ್ಸ್)
ಬಿಎಂಐ ಎಂದರೆ ತೂಕವನ್ನು ಎತ್ತರದ ವರ್ಗದಿಂದ ಭಾಗಿಸಿದ ಸಂಖ್ಯೆ, ಅಷ್ಟೇ. ಆ ತೂಕದಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು, ಕೊಬ್ಬು ಇರುವುದೆಲ್ಲಿ ಎಂಬುದು ಅದರಿಂದ ತಿಳಿಯದು. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನು ಕಡಿಮೆಯಾಗಿ, ಮೊದಲು ತೊಡೆ ಮತ್ತು ಪೃಷ್ಠದಲ್ಲಿ ಸೇರುತ್ತಿದ್ದ ಕೊಬ್ಬು ಹೊಟ್ಟೆಯೊಳಗೆ ಕರುಳಿನ ಸುತ್ತ ಸೇರತೊಡಗುತ್ತದೆ. ಅದೇ ಹೊತ್ತಿಗೆ ಸ್ನಾಯು ಕರಗುವುದರಿಂದ ತಕ್ಕಡಿಯಲ್ಲಿ ವ್ಯತ್ಯಾಸ ಕಾಣಿಸದೇ ಹೋಗಬಹುದು. ಇನ್ಸುಲಿನ್‌ ಕೆಲಸಕ್ಕೆ ಅಡ್ಡಿಯಾಗುವುದು ಮುಖ್ಯವಾಗಿ ಈ ಒಳಗಿನ ಕೊಬ್ಬೇ. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ದಕ್ಷಿಣ ಏಷ್ಯಾದ ಹೆಂಗಸರಿಗೆ ಸೊಂಟದ ಮಿತಿಯನ್ನು 80 ಸೆಂ.ಮೀ. ಎಂದು ಇಟ್ಟಿದೆ.

ಆದರೆ ಅಮ್ಮ ಸೀರೆ ಉಟ್ಟಿರುವಾಗಲೇ ಅಳೆದಿರಾ? ನೆರಿಗೆಯ ದಪ್ಪವೂ ಲಂಗದ ಲಾಡಿಯ ಗಂಟೂ ಟೇಪಿನೊಳಗೆ ಸೇರಿಬಿಡುತ್ತವೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ಸರಿಯಾಗಿ ನಡುವೆ, ಬರಿಮೈಯ ಮೇಲೆ, ಸಹಜವಾಗಿ ಉಸಿರು ಬಿಟ್ಟ ಕ್ಷಣದಲ್ಲಿ ಅಳೆಯಬೇಕು. ಹೊಟ್ಟೆ ಒಳಗೆಳೆದುಕೊಳ್ಳುವುದು ಎಲ್ಲ ಅಮ್ಮಂದಿರ ಅಭ್ಯಾಸ. ಅದನ್ನು ಮಾತಿನಲ್ಲಿ ಮರೆಸಿಯೇ ಅಳೆಯಬೇಕಾಗುತ್ತದೆ.

ಉತ್ತರ (ಮಂಜೇಶ್ವರದಿಂದ)
ಮೇಲಿನವರ ಮಾತಿಗೆ ಸಣ್ಣದೊಂದು ಸೇರ್ಪಡೆ. ಕುಳ್ಳಗಿರುವವರಿಗೂ ಎತ್ತರವಿರುವವರಿಗೂ 80 ಎಂಬ ಒಂದೇ ಗೆರೆ ಎಳೆಯುವುದಕ್ಕಿಂತ, ಸೊಂಟವು ಎತ್ತರದ ಅರ್ಧಕ್ಕಿಂತ ಕಡಿಮೆಯಿದೆಯೇ ಎಂದು ನೋಡುವುದು ನನಗೆ ಹೆಚ್ಚು ನ್ಯಾಯವೆನಿಸುತ್ತದೆ. ನಿಮ್ಮ ಅಮ್ಮನಿಗೆ ಅದು 74. ಇಲ್ಲಿಯೂ ಒಂದು ತೊಡಕಿದೆ: ಮೂಳೆ ಸವೆದು ಬೆನ್ನು ಬಾಗಿದಾಗ ಎತ್ತರವೇ ಕುಗ್ಗುತ್ತದೆ. ಅವರು ಮೊದಲು 152 ಇದ್ದಿದ್ದರೆ, ಇದೇ ತೂಕಕ್ಕೆ ಬಿಎಂಐ 21.2 ಆಗುತ್ತಿತ್ತು, ಸೊಂಟದ ಗೆರೆ 76ಕ್ಕೆ ಏರುತ್ತಿತ್ತು. ಯಾವ ಎತ್ತರ ಹಿಡಿದರೂ ಅವರ ಸೊಂಟ ಮಿತಿ ಮೀರಿದೆ. ಆದರೂ ಟೇಪು ಅಪಾಯವನ್ನು ಸೂಚಿಸಬಲ್ಲದೇ ಹೊರತು ರೋಗವನ್ನು ನಿರ್ಧರಿಸಲಾರದು. ಬೆಳಗ್ಗೆ ಬರಿಹೊಟ್ಟೆಯಲ್ಲಿ ಸಕ್ಕರೆ ಮತ್ತು ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಒಂದು ಬಗೆಯ ಕೊಬ್ಬು) ಪರೀಕ್ಷೆ ಮಾಡಿಸಿ, ರಕ್ತದೊತ್ತಡವನ್ನೂ ನೋಡಿಸಿ.

ಪ್ರಶ್ನೆ ಕೇಳಿದವರು
ನರ್ಸಮ್ಮ ಊಹಿಸಿದ್ದೇ ಸರಿ, ಸೀರೆಯ ಮೇಲೆಯೇ ಅಳೆದಿದ್ದೆ. ಇಂದು ಹೇಳಿದ ಕ್ರಮದಲ್ಲಿ ಮೂರು ಬಾರಿ ಅಳೆದೆ, ಮೂರೂ ಸಲ 82. ಸೋಮವಾರ ಬೆಳಗ್ಗೆ ಕಾಫಿ ಕೊಡದೆ ಅಮ್ಮನನ್ನು ಲ್ಯಾಬಿಗೆ ಕರೆದೊಯ್ಯಬೇಕು. ಸದ್ಯಕ್ಕೆ ಅದೇ ಕಷ್ಟದ ಕೆಲಸ.