ಮಾಡೆಲಿಂಗ್ ಆಡಿಷನ್, ಬಾಂಡ್, ಬೆದರಿಕೆ: ಹಾಸನದವರ ಪ್ರಶ್ನೆಗಳಿಗೆ ಉತ್ತರ

ನಮಸ್ಕಾರ. ನಾನು ಬೆಂಗಳೂರಿನಲ್ಲಿ ಮಾಡೆಲ್ ಏಜೆನ್ಸಿಯ ಬುಕರ್ ಆಗಿದ್ದವಳು. ಮಾಡೆಲ್‌ಗಳಿಗೆ ಕೆಲಸ ಹುಡುಕುವುದು, ದರ ಮಾತಾಡುವುದು, ದುಡ್ಡು ವಸೂಲಿ ಮಾಡುವುದು ಬುಕರ್ ಕೆಲಸ. ಈಗ ಹಾಸನದಲ್ಲೇ ಇದ್ದೇನೆ. ಈ ಗುಂಪಿನ ಅಡ್ಮಿನ್ ಹೇಳಿದ ಹಾಗೆ ನಿಮ್ಮ ಪ್ರಶ್ನೆಗಳಿಗೆ ಇಲ್ಲೇ ಉತ್ತರಿಸುತ್ತೇನೆ. ಹೆಸರು, ಫೋಟೊ ಯಾರೂ ಹಾಕಬೇಡಿ.

ಪ್ರಶ್ನೆ (ಹಾಸನದ ಒಬ್ಬ ತಾಯಿ): ಮೇಡಂ, ನಾನು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ಮಗಳಿಗೆ 17, ಸೆಕೆಂಡ್ ಪಿಯುಸಿ. ಹೋದ ವಾರ ಇಲ್ಲಿನ ಒಂದು ಹೋಟೆಲ್ ಹಾಲ್‌ನಲ್ಲಿ ಆಡಿಷನ್ ಮಾಡಿ, ಸೆಲೆಕ್ಟ್ ಆಗಿದ್ದಾಳೆ ಅಂದರು. ಪೋರ್ಟ್‌ಫೋಲಿಯೊಗೆ, (ಫೋಟೊಗಳ ಆಲ್ಬಂ) ಗ್ರೂಮಿಂಗ್‌ಗೆ (ನಡೆ, ನುಡಿ, ಅಲಂಕಾರದ ತರಬೇತಿ) 45,000 ಕಟ್ಟಬೇಕಂತೆ. 5,000 ಫೋನ್‌ಪೇ ಮಾಡಿದ್ದೇನೆ. ಮೂರು ವರ್ಷದ ಬಾಂಡ್‌ಗೆ ಸಹಿಯನ್ನೂ ಕೇಳುತ್ತಿದ್ದಾರೆ. ಉಳಿದ ದುಡ್ಡಿಗೆ ಸಂಘದಲ್ಲಿ ಸಾಲ ಎತ್ತಲಾ?

ಉತ್ತರ: ಎತ್ತಬೇಡಿ ಅಕ್ಕ. ಇನ್ನು ಒಂದು ರೂಪಾಯಿಯನ್ನೂ ಕಳಿಸಬೇಡಿ.

ಈ ವ್ಯಾಪಾರದಲ್ಲಿ ದುಡ್ಡು ಯಾರ ಕೈಯಿಂದ ಬರುತ್ತಿದೆ ಅಂತ ಮೊದಲು ನೋಡಬೇಕು. ಬಟ್ಟೆ ಕಂಪನಿ ಕೊಡುತ್ತದೆ, ಏಜೆನ್ಸಿ ತನ್ನ ಕಮಿಷನ್ ಹಿಡಿದುಕೊಂಡು ಉಳಿದದ್ದನ್ನು ಮಾಡೆಲ್‌ಗೆ ಕೊಡುತ್ತದೆ. ಕಮಿಷನ್ ಸಾಮಾನ್ಯವಾಗಿ ನೂರಕ್ಕೆ 20ರ ಆಸುಪಾಸು. ನಮ್ಮ ಆಲೂಗಡ್ಡೆ ಮಂಡಿಯಲ್ಲೂ ಮಾಲು ಮಾರಿದ ಮೇಲೆ ಕಮಿಷನ್ ಮುರಿಯುತ್ತಾರೆ ಹೊರತು, ಮೂಟೆ ಇಳಿಸುವ ಮೊದಲೇ ರೈತನ ಹತ್ತಿರ ದುಡ್ಡು ಕೇಳಲ್ಲ, ಅಲ್ವಾ? ಹುಡುಗಿಯ ಮನೆಯವರಿಂದಲೇ ದುಡ್ಡು ಬರುತ್ತಿದ್ದರೆ ಆ ಕಂಪನಿಗೆ ಗಿರಾಕಿ ನೀವೇ. ಅವಳಿಗೆ ಕೆಲಸ ಸಿಕ್ಕರೂ ಸಿಗದಿದ್ದರೂ ಅವರಿಗೇನೂ ನಷ್ಟ ಇಲ್ಲ. ಹಾಲ್‌ಗೆ ಬಂದ ಮಕ್ಕಳಲ್ಲಿ ಎಷ್ಟು ಜನ ಸೆಲೆಕ್ಟ್ ಆದರು ಅಂತ ಒಮ್ಮೆ ವಿಚಾರಿಸಿ ನೋಡಿ.

ಸರಿಯಾದ ಏಜೆನ್ಸಿಗೆ ಮೊದಲು ಬೇಕಾಗಿರುವುದು ಮೇಕಪ್ ಇಲ್ಲದ ನಾಲ್ಕಾರು ಫೋಟೊ. ಜೀನ್ಸ್, ಸಾದಾ ಟೀ ಶರ್ಟ್, ಕಿಟಕಿ ಬೆಳಕು, ಮನೆಯಲ್ಲಿರುವ ಫೋನು ಸಾಕು. ಇದಕ್ಕೆ ಡಿಜಿಟಲ್ಸ್ ಅನ್ನುತ್ತೇವೆ. ಮುಖ, ಎತ್ತರ, ನಡಿಗೆ ಅದರಲ್ಲೇ ಗೊತ್ತಾಗುತ್ತದೆ.

ನನಗೆ ಜಾಸ್ತಿ ಭಯ ಇರುವುದು 45,000ದ ಬಗ್ಗೆ ಅಲ್ಲ, ಆ ಸಾಲ ಮುಂದೆ ಏನು ಮಾಡಿಸುತ್ತದೆ ಅನ್ನುವುದರ ಬಗ್ಗೆ. ನಗರಕ್ಕೆ ಹೋದ ಮೇಲೆ ಪಿಜಿ ಬಾಡಿಗೆ, ಓಡಾಟ, ಹೊಸ ಫೋಟೊ ಎಲ್ಲ ಹುಡುಗಿಯ ಲೆಕ್ಕಕ್ಕೇ ಬೀಳುತ್ತದೆ. ಮಾಡಿದ ಕೆಲಸದ ದುಡ್ಡು ಎರಡು ಮೂರು ತಿಂಗಳು ತಡವಾಗಿ ಬರುವುದು ಈ ಲೈನ್‌ನಲ್ಲಿ ಮಾಮೂಲು. ಊರಲ್ಲಿ ಅಮ್ಮ ಸಾಲ ಮಾಡಿದ್ದಾಳೆ ಅನ್ನುವುದು ತಲೆಯಲ್ಲಿ ಕೊರೆಯುತ್ತಿರುತ್ತದೆ. ಆಗ ಯಾರೋ ಒಬ್ಬ, ಕ್ಲೈಂಟ್ ಜೊತೆ ರಾತ್ರಿ ಊಟಕ್ಕೆ ಬಾ, ಕೆಲಸ ಗ್ಯಾರಂಟಿ ಅನ್ನುತ್ತಾನೆ. ಕೈಯಲ್ಲಿ ಬಸ್ ಚಾರ್ಜು, ಬೆನ್ನಿಗೆ ಮನೆ ಇರುವವಳು ಆಗಲ್ಲ ಅಂತ ಎದ್ದು ಬರುತ್ತಾಳೆ. ಸಾಲ ಇರುವವಳಿಗೆ ಆ ಮಾತು ಬಾಯಿಗೆ ಬರಲ್ಲ. ಅಂಥ ಹುಡುಗಿಯರನ್ನು ಹತ್ತಿರದಿಂದ ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನ್ಯೂಯಾರ್ಕ್‌ನಲ್ಲಿ 2025ರ ಜೂನ್‌ನಿಂದ ಹೊಸ ಕಾನೂನು ಬಂದಿದೆ. ಸೇರಿಸಿಕೊಳ್ಳಲು ಏಜೆನ್ಸಿ ಶುಲ್ಕವನ್ನಾಗಲಿ ಠೇವಣಿಯನ್ನಾಗಲಿ ಕೇಳುವಂತಿಲ್ಲ, ಕಮಿಷನ್ ನೂರಕ್ಕೆ 20 ದಾಟುವಂತಿಲ್ಲ. ಅಷ್ಟು ದೊಡ್ಡ ಮಾರುಕಟ್ಟೆಯಲ್ಲೇ ಕಾನೂನು ಮಾಡಬೇಕಾಯಿತು ಅಂದರೆ ಅಲ್ಲಿನ ಹುಡುಗಿಯರ ಪಾಡು ಏನಿತ್ತು ಯೋಚಿಸಿ.

ಮಗಳಿಗೆ ಬೈಯಬೇಡಿ. ಅವಳಲ್ಲಿ ಕೊರತೆ ಇದೆ ಅಂತ ನಾನು ಹೇಳುತ್ತಿಲ್ಲ. ಪಿಯುಸಿ ಮುಗಿಯಲಿ. ಆಮೇಲೂ ಆಸೆ ಇದ್ದರೆ ಡಿಜಿಟಲ್ಸ್ ತೆಗೆದು ಯಾವ ಏಜೆನ್ಸಿಗೆ ಕಳಿಸಬಹುದು ಅಂತ ನಾನೇ ಹೇಳುತ್ತೇನೆ.

ಗುಂಪಿನ ವಕೀಲರೊಬ್ಬರು ಸೇರಿಸಿದ್ದು: 18 ತುಂಬದವರ ಕರಾರು ನಮ್ಮ ದೇಶದಲ್ಲಿ ನಡೆಯಲ್ಲ. ಅಪ್ಪ ಅಮ್ಮ ಮಗುವಿನ ಪರವಾಗಿ ದುಡಿಮೆಯ ಕರಾರಿಗೆ ಸಹಿ ಹಾಕಿದರೂ ಅಷ್ಟೇ. 1949ರಲ್ಲಿ ಬಾಂಬೆ ಹೈಕೋರ್ಟ್ ಮುಂದೆ ಇಂಥದ್ದೇ ಕೇಸು ಬಂದಿತ್ತು. ಅಪ್ರಾಪ್ತ ನಟಿಯ ಪರವಾಗಿ ಅವಳ ತಂದೆ ಕರಾರು ಮಾಡಿಕೊಂಡಿದ್ದರು. ಅದು ಊರ್ಜಿತವಾಗಲಿಲ್ಲ, ಬಾಕಿ ಸಂಬಳವೂ ಅವಳಿಗೆ ಸಿಗಲಿಲ್ಲ. ಅಂದರೆ ಆ ಬಾಂಡ್ ಮಗಳನ್ನು ಕಟ್ಟಿಹಾಕಲ್ಲ, ಕಾಪಾಡುವುದೂ ಇಲ್ಲ. ಆದರೆ 'ದಂಡ ನಾನೇ ಕಟ್ಟುತ್ತೇನೆ' ಅಂತ ನಿಮ್ಮ ಸ್ವಂತ ಹೆಸರಲ್ಲಿ ಸಹಿ ಹಾಕಿದರೆ ತಲೆನೋವು ನಿಮಗೆ. ಹಾಕಬೇಡಿ. 5,000 ವಾಪಸ್ ಕೊಡಿ ಅಂತ ವಾಟ್ಸಾಪ್‌ನಲ್ಲಿ ಬರೆದು ಕೇಳಿ. ಕೊಡದಿದ್ದರೆ 1915ಕ್ಕೆ ಕರೆ ಮಾಡಿ, ಅದು ಗ್ರಾಹಕರ ಸಹಾಯವಾಣಿ. ಜಿಲ್ಲಾ ಗ್ರಾಹಕರ ಆಯೋಗದಲ್ಲಿ 5 ಲಕ್ಷದವರೆಗಿನ ದೂರಿಗೆ ಶುಲ್ಕವೇ ಇಲ್ಲ. ಫೋನ್‌ಪೇ ಸ್ಕ್ರೀನ್‌ಶಾಟ್ ಜೋಪಾನ.

ಪ್ರಶ್ನೆ (ಸಕಲೇಶಪುರ): ನನ್ನ ತಂಗಿ ಮುಂಬೈನಲ್ಲಿ ರ‍್ಯಾಂಪ್ ಮಾಡುತ್ತಾಳೆ. ಎತ್ತರ 175 ಸೆಂ.ಮೀ., ತೂಕ 47 ಕೆಜಿ. ಇನ್ನೂ ಇಳಿಸು ಅಂದಿದ್ದಾರಂತೆ. ಹಬ್ಬಕ್ಕೆ ಬಂದಾಗ ಸೌತೆಕಾಯಿ, ಕಪ್ಪು ಕಾಫಿ ಬಿಟ್ಟು ಏನೂ ಮುಟ್ಟಲಿಲ್ಲ. ತಿಂಗಳ ಮುಟ್ಟು ನಿಂತಿದೆ ಅಂತ ಅಮ್ಮನ ಹತ್ತಿರ ಹೇಳಿದ್ದಾಳೆ.

ಉತ್ತರ: ಇದು ಡಯಟ್ ಅಲ್ಲ ತಮ್ಮ, ಕಾಯಿಲೆ. ಈ ವಾರವೇ ಡಾಕ್ಟರಿಗೆ ತೋರಿಸಿ.

2006ರ ಆಗಸ್ಟ್‌ನಲ್ಲಿ ಉರುಗ್ವೆಯ ಲೂಯಿಸೆಲ್ ರಾಮೋಸ್ ಎಂಬ 22ರ ಹುಡುಗಿ ಫ್ಯಾಷನ್ ಶೋ ನಡೆಯುತ್ತಿರುವಾಗಲೇ ಹೃದಯ ನಿಂತು ತೀರಿಕೊಂಡಳು. ಅದೇ ನವೆಂಬರ್‌ನಲ್ಲಿ ಬ್ರೆಜಿಲ್‌ನ 21ರ ಆನಾ ಕರೋಲಿನಾ ರೆಸ್ಟನ್ ಹೋದಳು. ಮುಂದಿನ ಫೆಬ್ರುವರಿಯಲ್ಲಿ ಲೂಯಿಸೆಲ್‌ಳ ತಂಗಿ, ಅವಳೂ ಮಾಡೆಲ್, 18ಕ್ಕೇ ತೀರಿಕೊಂಡಳು. 2006ರಲ್ಲೇ ಮ್ಯಾಡ್ರಿಡ್ ಫ್ಯಾಷನ್ ವೀಕ್‌ನವರು ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅನ್ನುವ ಅಳತೆ) 18ಕ್ಕಿಂತ ಕಡಿಮೆ ಇರುವವರನ್ನು ವೇದಿಕೆ ಹತ್ತಿಸಲ್ಲ ಅಂದರು. ನಿಮ್ಮ ತಂಗಿಯ ಎತ್ತರಕ್ಕೆ ಅದು ಸುಮಾರು 55 ಕೆಜಿ. ಅವಳ ಬಿಎಂಐ 15ರ ಹತ್ತಿರ ಇದೆ. ಫ್ರಾನ್ಸ್‌ನಲ್ಲಿ 2017ರಿಂದ ಡಾಕ್ಟರ್ ಸರ್ಟಿಫಿಕೇಟ್ ಇಲ್ಲದೆ ಮಾಡೆಲ್ ಕೆಲಸಕ್ಕೆ ತೆಗೆದುಕೊಳ್ಳುವಂತಿಲ್ಲ. ನಮ್ಮಲ್ಲಿ ಅಂಥ ಕಾನೂನಿಲ್ಲ.

ಇಳಿಸು ಇಳಿಸು ಅನ್ನುವುದಕ್ಕೆ ಕಾರಣ ಇಷ್ಟೇ. ಡಿಸೈನರ್ ಸ್ಯಾಂಪಲ್ ಬಟ್ಟೆಯನ್ನು ಒಂದೇ ಸಣ್ಣ ಅಳತೆಯಲ್ಲಿ ಹೊಲಿಸುತ್ತಾರೆ. ಅದು ಎಲ್ಲ ಹುಡುಗಿಯರಿಗೂ ಆಗಬೇಕು. ಒಂದು ಹೊಲಿಗೆ ಬಿಚ್ಚಿ ಬಟ್ಟೆ ಸಡಿಲ ಮಾಡುವುದು ಅವರಿಗೆ ದೊಡ್ಡ ಕೆಲಸ, ಹುಡುಗಿಯನ್ನು ಉಪವಾಸ ಕೆಡವುವುದು ಸಲೀಸು. ಇದನ್ನು ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಮುಟ್ಟು ನಿಂತರೆ ಮೂಳೆ ಸವೆಯುತ್ತದೆ. ಎದೆ ಡಬಡಬ ಅನ್ನುವುದು, ತಲೆ ಸುತ್ತುವುದು ಇದ್ದರೆ ಆವತ್ತೇ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಇನ್ನೊಂದು ಮಾತು ಅಮ್ಮನಿಗೆ ಹೇಳಿ. ಊರಿಗೆ ಬಂದ ತಕ್ಷಣ ಒತ್ತಾಯ ಮಾಡಿ ಹೊಟ್ಟೆ ತುಂಬಾ ಬಡಿಸಬೇಡಿ. ತುಂಬಾ ದಿನ ಉಪವಾಸವಿದ್ದ ಮೈಗೆ ಒಂದೇ ಸಲ ಊಟ ಹಾಕಿದರೆ ರಕ್ತದ ಲವಣಾಂಶ ಏರುಪೇರಾಗಿ ಹೃದಯಕ್ಕೇ ಅಪಾಯ. ಡಾಕ್ಟರ್ ಹೇಳಿದ ಹಾಗೆ ನಿಧಾನವಾಗಿ ಹೆಚ್ಚಿಸಬೇಕು. ಹಾಸನದ ಹಿಮ್ಸ್‌ನಲ್ಲಿ ಮೆಡಿಸಿನ್, ಸೈಕಿಯಾಟ್ರಿ ಎರಡೂ ಕಡೆ ತೋರಿಸಿ. ಅವಳು ಬರಲ್ಲ ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸಿ. ಕನ್ನಡದಲ್ಲೇ ಮಾತಾಡುತ್ತಾರೆ, ಖರ್ಚಿಲ್ಲ.

ಪ್ರಶ್ನೆ (ಚನ್ನರಾಯಪಟ್ಟಣ): ರಾತ್ರಿ ಊಟಕ್ಕೆ ಕರೆಯುವಂಥ ಲೈಂಗಿಕ ಕಿರುಕುಳದ ತೊಂದರೆ ಹುಡುಗರಿಗೆ ಇಲ್ಲ ತಾನೇ?

ಉತ್ತರ: ಇದೆ. ಹುಡುಗರು ಹೇಳಿಕೊಳ್ಳುವುದು ಕಡಿಮೆ, ಅಷ್ಟೇ. 2013ರ ಕೆಲಸದ ಜಾಗದ ಲೈಂಗಿಕ ಕಿರುಕುಳ ಕಾಯ್ದೆಯಡಿ ಹೆಂಗಸರು ಮಾತ್ರ ದೂರು ಕೊಡಬಹುದು. 18ರ ಒಳಗಿನ ಹುಡುಗನಾದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಅನ್ವಯಿಸುತ್ತದೆ.

ಪ್ರಶ್ನೆ (ಅರಸೀಕೆರೆ ಕಡೆಯವಳು, ಅಡ್ಮಿನ್ ಮೂಲಕ): ನನಗೆ 19. ಬೆಂಗಳೂರಿನಲ್ಲಿ ಟೆಸ್ಟ್ ಶೂಟ್ ಅಂತ ಕರೆದರು. ಬಟ್ಟೆ ಬದಲಾಯಿಸುವಾಗ ಅಲ್ಲಿದ್ದ ಒಬ್ಬ ನನಗೆ ಗೊತ್ತಾಗದ ಹಾಗೆ ಫೋಟೊ ತೆಗೆದಿದ್ದಾನೆ. ಭಾನುವಾರ ಹೋಟೆಲ್‌ಗೆ ಬರದಿದ್ದರೆ ಅಪ್ಪನಿಗೆ ಕಳಿಸುತ್ತೇನೆ ಅನ್ನುತ್ತಾನೆ.

ಉತ್ತರ: ಹೋಗಬೇಡ ಮಗಳೇ. ದುಡ್ಡು ಕೇಳಿದರೂ ಕೊಡಬೇಡ. ಒಮ್ಮೆ ಹೋದರೆ ಮತ್ತೆ ಕರೆಯುತ್ತಾನೆ. ತಪ್ಪು ಅವನದು, ನಿನ್ನದಲ್ಲ.

ಚಾಟ್ ಅಳಿಸಬೇಡ, ಬ್ಲಾಕ್ ಮಾಡುವ ಮೊದಲು ನಂಬರ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡು. ಬಟ್ಟೆ ಬದಲಾಯಿಸುವಾಗ ಕದ್ದು ಫೋಟೊ ತೆಗೆಯುವುದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್‌ನಲ್ಲಿ ಅಪರಾಧ. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಜೈಲು. ಘಟನೆ ಬೆಂಗಳೂರಿನದು ಅಂತ ಇಲ್ಲಿನ ಠಾಣೆಯವರು ವಾಪಸ್ ಕಳಿಸುವಂತಿಲ್ಲ. ಝೀರೊ ಎಫ್ಐಆರ್ (ಘಟನೆ ಎಲ್ಲೇ ನಡೆದಿರಲಿ, ಯಾವ ಠಾಣೆಯಲ್ಲಾದರೂ ದಾಖಲಿಸುವ ದೂರು) ಮಾಡಿ ಅನ್ನು. ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಹಾಸನದ ಸಿಇಎನ್ ಠಾಣೆಗೂ ಹೋಗಬಹುದು. ಸ್ಟಾಪ್‌ಎನ್‌ಸಿಐಐ ಅನ್ನುವ ವೆಬ್‌ಸೈಟ್ ಇದೆ. ಆ ಫೋಟೊ ನಿನ್ನ ಫೋನ್‌ನಲ್ಲಿದ್ದರೆ, ಅದನ್ನು ಎಲ್ಲೂ ಕಳಿಸದೆಯೇ ಅದರ ಗುರುತನ್ನು (ಫೋಟೊದಿಂದ ಹುಟ್ಟುವ ಒಂದು ಸಂಕೇತ) ಮಾತ್ರ ಕೊಡಬಹುದು. ಆಮೇಲೆ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಕಡೆ ಅದು ಹರಡದ ಹಾಗೆ ತಡೆಯುತ್ತಾರೆ.

ವಕೀಲರ ಫೀಸಿನ ಚಿಂತೆ ಬೇಡ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ವಕೀಲರು ಉಚಿತ, ನಂಬರ್ 15100. ಅಪ್ಪನಿಗೆ ಅವನಿಗಿಂತ ಮೊದಲು ನೀನೇ ಹೇಳು. ಧೈರ್ಯ ಸಾಲದಿದ್ದರೆ ಅಡ್ಮಿನ್ ಹತ್ತಿರ ನನ್ನ ನಂಬರ್ ತಗೋ. ಮನೆಗೆ ಬಂದು ನಾನೇ ಮಾತಾಡುತ್ತೇನೆ, ಠಾಣೆಗೂ ಜೊತೆಗೆ ಬರುತ್ತೇನೆ. ಭಾನುವಾರದ ತನಕ ಕಾಯಬೇಡ, ಇವತ್ತೇ ಫೋನ್ ಮಾಡು.