ಅಪ್‌ಡೇಟ್: ಅಪ್ಪನ ಹತ್ತಿರ ಕಾಲೇಜು ಫೀಸು ಕೇಳಬಹುದಾ ಅಂತ ಕೇಳಿದ್ದೆ

18 ತುಂಬಿದ ಮಗಳ ಫೀಸನ್ನು ಬೇರೆ ಇರುವ ಅಪ್ಪ ಕೊಡಬೇಕಾ ಅಂತ ಕೇಳಿದ್ದೆ ಅಲ್ವಾ? ಕೊಡಬೇಕು.

ಅಮ್ಮನೂ ನಾನೂ ಬದಿಯಡ್ಕದಿಂದ ಬಸ್ ಹತ್ತಿ ಕಾಸರಗೋಡಿನ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದೆವು. ಹೆಂಗಸರಿಗೆ ಅಲ್ಲಿ ವಕೀಲರು ಉಚಿತ. ಅರ್ಜಿ ಮಲಯಾಳದಲ್ಲಿತ್ತು, ಕನ್ನಡದಲ್ಲಿ ಓದಿ ಹೇಳಿ ಅಂದೆ. ಹೇಳಿದರು.

ನಾವು ಹಿಂದೂಗಳಾದ್ದರಿಂದ 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಸೆಕ್ಷನ್ ಅನ್ವಯ. ಸ್ವಂತ ಆದಾಯ, ಆಸ್ತಿ ಇಲ್ಲದ ಮಗಳಿಗೆ ಮದುವೆಯಾಗುವವರೆಗೂ ಜೀವನಾಂಶ ಕೇಳುವ ಹಕ್ಕಿದೆ. ಓದಿನ ಖರ್ಚೂ ಅದರಲ್ಲೇ ಸೇರುತ್ತದೆ. 2020ರಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಹಕ್ಕನ್ನು ಎತ್ತಿ ಹಿಡಿದಿದೆ.

ಕೋರ್ಟಿಗೆ ಹೋಗುವ ಮೊದಲೇ ಅಪ್ಪ ಮಾತುಕತೆಗೆ ಬಂದರು. ಬೀಡಿ ಕಟ್ಟಿ ಅಮ್ಮ ಕಟ್ಟಿದ ಫೀಸಿನ ರಸೀದಿಗಳನ್ನು ಒಂದೊಂದೇ ತಿರುವಿ ನೋಡಿದರು. ಜಾಸ್ತಿ ಮಾತಾಡಲಿಲ್ಲ. ಅರ್ಧ ಫೀಸಿಗೆ ಒಪ್ಪಿ ಸಹಿ ಹಾಕಿದರು. ಬಸ್ಸಿನಲ್ಲಿ ಅಮ್ಮ ನನ್ನ ಕೈ ಬಿಡಲೇ ಇಲ್ಲ.